ಮಾಳಮ್ಮನ ಹಿಮ್ಮಡಿಯೊಳಗಿನ ಕಾವಲು

ಎಲ್ಲಿಂದ ಶುರು ಮಾಡಲಿ? ಮುಳ್ಳಿನಿಂದ ಶುರು ಮಾಡಿದರೆ ನೀವು ಮುಖ ಕಿವುಚುತ್ತೀರಿ. ಬಿಳಿ ರಕ್ತಕಣದಿಂದ ಶುರು ಮಾಡಿದರೆ ಪುಟ ತಿರುವುತ್ತೀರಿ.

೧. (ಬಿಟ್ಟ ಕರಡು) "ಕೆಂಭಾವಿ ಬಳಿ ಕುರಿ ಕಾಯುವ ಮಾಳಮ್ಮನ ಹಿಮ್ಮಡಿಗೆ ಜಾಲಿಮುಳ್ಳು ನೆಟ್ಟಿತು. ಚರ್ಮದ ಕೋಟೆ ಒಡೆಯಿತು. ರಕ್ತದ ಸೈನಿಕರು ಕತ್ತಿ ಹಿರಿದರು..."

"ಕತ್ತಿ ಯಾಕ್ರಿ ಅಕ್ಕೋರ?" ಹಾಳೆಯೊಳಗಿಂದಲೇ ಮಾಳಮ್ಮ ಕೇಳಿದಳು. "ಮೊದ್ಲ ಬ್ಯಾನಿ ಆಗೇದ. ನನ್ನ ಕಾಲಾಗ ದಂಡು ಇಳಸಬ್ಯಾಡ್ರಿ."

(ವಿಜ್ಞಾನದ ಪದವಿ ನನ್ನದು. ಪಾತ್ರವೇ ತಿದ್ದಿದರೆ ಹೇಗಿರುತ್ತದೆ ಹೇಳಿ.)

"ಮತ್ತೇನು ಅನ್ನಲಿ?"

"ನಾಯಿ ಅನ್ರಿ. ನಮ್ಮ ಹಟ್ಟಿ ನಾಯಿಗಿ ಕಳ್ಳನ ಹೆಸರು ಬೇಕಾಗಂಗಿಲ್ಲ. ನಮ್ಮ ವಾಸನಿ ಇಲ್ಲದ್ದು ಬಂತಂದ್ರ ಮೈಮ್ಯಾಲೆ ಬೀಳ್ತದ."

ಅವಳದೇ ಸರಿ. ಮೈಯೊಳಗೆ ಹುಟ್ಟಿನಿಂದ ಬಂದ ಕಾವಲು ಯಾವ ರೋಗಾಣು ಎಂದು ವಿಚಾರಿಸುತ್ತ ಕೂರುವುದಿಲ್ಲ. ನಮ್ಮದಲ್ಲದ ಗುರುತು ಸಿಕ್ಕರೆ ಸಾಕು. ಗಾಯದ ಸುತ್ತ ರಕ್ತನಾಳಗಳು ಸಡಿಲವಾಗುತ್ತವೆ, ಬಿಳಿ ರಕ್ತಕಣಗಳು ನುಸುಳಿ ಬಂದು ರೋಗಾಣುಗಳನ್ನು ನುಂಗುತ್ತವೆ, ಅಲ್ಲೇ ಸಾಯುತ್ತವೆ. ಊತ, ಬಿಸಿ ಎಲ್ಲ ಆ ಗದ್ದಲವೇ. ಕೀವಿನಲ್ಲಿ ಹೆಚ್ಚಿನ ಪಾಲು ಸತ್ತ ಕಾವಲಿನವರದು.

"ಅಯ್ಯ, ಪಾಪ! ನಾ ಥೂ ಅಂತ ಒರಸಿ ಒಗದೆನಲ್ರಿ."

೪. (೨, ೩ ಎಲ್ಲಿ ಎನ್ನಬೇಡಿ. ಅವುಗಳಲ್ಲಿ ಅವಳನ್ನು ಬೈದಿದ್ದೆ.)

ಬೈಯಲು ಕಾರಣವಿತ್ತು. ಕುರಿಯ ಗಾಯಕ್ಕೆ ಹುಳು ಬೀಳಬಾರದೆಂದು ಹಚ್ಚುವ ಡಾಂಬರನ್ನೇ ಅವಳು ತನ್ನ ಹಿಮ್ಮಡಿಗೂ ಮೆತ್ತಿಕೊಂಡಿದ್ದಳು. ಮುರಿದ ಮುಳ್ಳಿನ ತುದಿ ಒಳಗೇ ಉಳಿಯಿತು. ಮೂರನೆಯ ದಿನ ಜ್ವರ ಬಂತು, ಗಾಯದ ಸುತ್ತಿನ ಕೆಂಪು ಕಣಕಾಲನ್ನು ದಾಟಿ ಮೇಲೇರಿತು.

"ಕುರಿಗಿ ಹತ್ತೋ ಔಷಧ ನನಗ್ಯಾಕ ಹತ್ತಂಗಿಲ್ಲ?" ಎಂದಳು. "ದವಾಖಾನಿಗಿ ಹೋದ್ರ ಹಿಂಡು ಯಾರು ನೋಡ್ತಾರ?"

"ನಾ ನೋಡ್ತೀನಿ," ಎಂದ ಗಂಡ ಹುಲಗಪ್ಪ. "ನಿನ್ನ ಕಾಲು ಹೋದ್ರ ನನ್ನ ಬೈಕೋತ ಹಿಂದಿಂದ ಬರಾಕ ಯಾರದಾರ?"

ಮುಕ್ತಾಯ ಅ: ಕೀವಿನೊಡನೆ ಮುಳ್ಳು ತಾನೇ ಹೊರಬರುತ್ತದೆ. (ಆಗಬಹುದು. ಆಗಿದ್ದೂ ಉಂಟು.)

ಮುಕ್ತಾಯ ಆ: (ಬರೆದೆ. ತೋರಿಸಲಾರೆ.)

"ಮೊದಲ್ನೇ ಮುಕ್ತಾಯನ ಇರಲಿ ಬಿಡ್ರಿ," ಎಂದಳು ಮಾಳಮ್ಮ.

"ಅದನ್ನೇ ಬರೆದರೆ ನೀನು ಹಟ್ಟಿ ಬಿಟ್ಟು ದವಾಖಾನೆಗೆ ಹೋಗುವುದೇ ಇಲ್ಲ."

"ನೀವು ಭಾಳ ಅಂಜ್ತೀರಿ ನೋಡ್ರಿ."

ಅಂಜುತ್ತೇನೆ. ಆದ್ದರಿಂದ ಎರಡನ್ನೂ ಹೊಡೆದು ಹಾಕಿ ಅವಳನ್ನು ಸುರಪುರದ ಬಸ್ ಹತ್ತಿಸಿದೆ. ಕತೆಗಾರ್ತಿ ಇಷ್ಟು ಕೈ ಹಾಕಬಾರದಂತೆ. ಇರಲಿ.

೫. ದವಾಖಾನೆಯಲ್ಲಿ ಡಾಕ್ಟರು ಮುಳ್ಳಿನ ತುದಿ ತೆಗೆದು ಇಂಜೆಕ್ಷನ್ ಬರೆದುಕೊಟ್ಟರು. ನರ್ಸ್ ಕಲ್ಪನಾ ಕೆಂಪಿನ ಅಂಚಿಗುಂಟ ಬಾಲ್‌ಪೆನ್ನಿನಿಂದ ಗೆರೆ ಎಳೆದಳು.

"ನಾಳಿ ಮುಂಜಾನಿಮಟ ನೋಡೋಣ್ರಿ. ಕೆಂಪು ಇದನ್ನ ದಾಟಿ ಮ್ಯಾಲೆ ಹೋತಂದ್ರ ಯಾದಗಿರಿ ದೊಡ್ಡ ದವಾಖಾನಿಗಿ ಕಳಸ್ತೀವಿ."

ಕಾವಲನ್ನು ಗೆಲ್ಲಿಸಿಬಿಡಿ ಎನ್ನುತ್ತೀರಿ. ನನಗೂ ಅದೇ ಆಸೆ. ಆದರೆ ಆ ಗೆರೆಯ ಕೆಳಗೆ ನುಂಗುತ್ತಿರುವ, ಸಾಯುತ್ತಿರುವ ಕಣಗಳು ನನ್ನ ಪಾತ್ರಗಳಲ್ಲ, ನಾನು ಹೇಳಿದಂತೆ ಕೇಳುವುದಿಲ್ಲ. ನಾಳೆಯ ಮುಂಜಾನೆಯನ್ನು ನಾನು ಬರೆಯುವುದಿಲ್ಲ.

ಮಾಳಮ್ಮ ಬಾಗಿ ನೋಡಿದಳು. ಕೆಂಪು ಆ ಗೆರೆಗೆ ಅಂಟಿಕೊಂಡೇ ಇತ್ತು.

"ಬರಿಯೋದು ಸಾಕು ಬಿಡ್ರಿ ಅಕ್ಕೋರ," ಎಂದು ಮಂಚದ ಮೇಲೆ ತುಸು ಸರಿದಳು. "ಇಲ್ಲಿ ಕುಂದರ್ರಿ."

ಕೂತೆ.