ಮುಕ್ಕಾಲು ಅಳತೆಯ ಸೋಫಾ

ಬಿಲ್ಡರುಗಳು ಗಿರಾಕಿಗಳಿಗೆ ತೋರಿಸುವ ಮಾದರಿ ಫ್ಲ್ಯಾಟಿನ ಪೀಠೋಪಕರಣಗಳನ್ನು ಮನುಷ್ಯರಿಗಾಗಿ ಮಾಡುವುದಿಲ್ಲ. ಠಾಣೆಯ ಪಕ್ಕದ ಕಳವಾ ಎಂಬಲ್ಲಿನ ಕಾರ್ಖಾನೆಯೊಂದರಲ್ಲಿ ಒಂದೂವರೆ ವರ್ಷ ಅವನ್ನೇ ಮಾಡಿದ ಬಡಗಿಯಾದ್ದರಿಂದ ಈ ಮಾತನ್ನು ಅಧಿಕಾರದಿಂದ ಹೇಳುತ್ತೇನೆ. ಅಲ್ಲಿ ಎಲ್ಲವೂ ಮುಕ್ಕಾಲು ಅಳತೆ. ಮೂವರು ಕೂರುವಂತೆ ಕಾಣುವ ಸೋಫಾದ ಉದ್ದ ನಾಲ್ಕೂವರೆ ಅಡಿ. ಕೂರುವ ಎತ್ತರ ನೆಲದಿಂದ ಹನ್ನೊಂದು ಇಂಚು. ಮಂಚದ ಮೇಲೆ ಯಾರೂ ಮಲಗುವವರಿಲ್ಲವಾದ್ದರಿಂದ ಅದು ಐದೇ ಅಡಿ. ಎದುರುಗೋಡೆಗೆ ಕನ್ನಡಿ, ಬಾಗಿಲುಗಳಿಗೆ ರಜೆ. ಒಳಗೆ ಬಂದವನು 'ಅಬ್ಬ, ಎಷ್ಟು ಜಾಗ!' ಎಂದು ಬಾಯಿ ತೆರೆದರೆ ನಮ್ಮ ಕೆಲಸ ಸಾರ್ಥಕ.

ಖಾರಘರದ ಮಾದರಿ ಫ್ಲ್ಯಾಟಿನಲ್ಲಿ ಹಾಗೆ ಬಾಯಿ ತೆರೆದವರಲ್ಲಿ ಲೋಕನಾಥನೂ ಒಬ್ಬ. ಠಾಣೆ ಸ್ಟೇಷನ್ನಿನ ಬಳಿಯ ಹೋಟೆಲೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮ್ಯಾನೇಜರ್. ಯಾವ ಮೇಜಿಗೆ ಎಷ್ಟು ಗಿರಾಕಿಗಳನ್ನು ತುರುಕಬಹುದೆಂದು ಕಣ್ಣಳತೆಯಲ್ಲೇ ಹೇಳಬಲ್ಲವನು. ಆ ಕಣ್ಣು ಸ್ವಂತ ಮನೆಯ ವಿಷಯದಲ್ಲಿ ಕುರುಡಾಯಿತು. ಫ್ಲ್ಯಾಟು ಕೊಂಡದ್ದು ಸಾಲದೆಂಬಂತೆ, ಮಾರಾಟ ಮುಗಿದು ಮಾದರಿ ಮನೆಯನ್ನು ಕಳಚುವಾಗ ಅವರಿವರ ಕಾಲು ಹಿಡಿದು ಅಲ್ಲಿನ ಹಾಲ್‌ನ ಸಾಮಾನನ್ನೆಲ್ಲ ತನಗೇ ಗಿಟ್ಟಿಸಿಕೊಂಡ. ಅದನ್ನು ಹೊಂದಿಸಿ ಕೊಡಲು ಕಾರ್ಖಾನೆಯವರು ನನ್ನನ್ನೇ ಕಳಿಸಿದರು.

ಅವನ ಕೈಯಲ್ಲಿ ಮೊಬೈಲ್. ಅದರಲ್ಲಿ ಮಾದರಿ ಮನೆಯ ಫೋಟೋ.

"ಇದ್ರಲ್ಲಿ ಉಂಟಲ್ಲ, ಹೀಗೆಯೇ ಬರ್ಬೇಕು ಮುಂಡಪ್ಪ. ಸೋಫಾ ಗೋಡೆಗೆ ತಾಗ್ಲಿಕ್ಕೇ ಬಾರ್ದು. ಗೋಡೆಗೆ ಒತ್ತಿ ಇಡುವುದು ಚಾಳಿನವರ ಬುದ್ಧಿ."

ಹೋದ ತಿಂಗಳವರೆಗೆ ಅವನು ಇದ್ದದ್ದೂ ಅಂಥದೇ ಚಾಳಿನ ಒಂಟಿಕೋಣೆಯಲ್ಲೇ.

ಮಗ ರಿತೇಶ್ ಸೋಫಾದಲ್ಲಿ ಕುಳಿತ. ಮಂಡಿಗಳು ಗಲ್ಲಕ್ಕೆ ಬಂದವು. "ಪಪ್ಪಾ, ಯೇ ಬಚ್ಚೋಂ ಕಾ ಹೈ ಕ್ಯಾ?" ಎಂದ, ಇದು ಮಕ್ಕಳ ಸೋಫಾವೇ ಎಂಬಂತೆ.

"ಡಿಸೈನರ್ ಮಾಲು ಮಾರಾಯ! ಲೋ ಹೈಟ್ ಈಗ ಫ್ಯಾಷನ್. ಅಲ್ವಾ ಮುಂಡಪ್ಪ?"

ಹೌದೆಂದೆ. ನನ್ನ ಕೈಕೆಲಸವನ್ನು ಅಷ್ಟು ಹೊಗಳಿದ ಮೂರ್ಖ ಬೇರೊಬ್ಬನಿರಲಿಲ್ಲ.

ಆಗ ಲೋಕನಾಥನ ಹೆಂಡತಿ, ಬಾಗಿ ಎಂಬವಳು, ಗೋಡೆ ಹಿಡಿದುಕೊಂಡು ಬಂದಳು. ಎರಡೂ ಮಂಡಿಗಳು ಸವೆದಿದ್ದವು. ಎಲ್ಲಿ ಕುಳಿತರೂ ಏಳಲು ಮತ್ತೊಬ್ಬರ ಕೈ ಬೇಕು. ಚಾಳಿನಿಂದ ತಂದ ಹಲಸಿನ ಮರದ ಎತ್ತರದ ಕುರ್ಚಿಯೊಂದೇ ಅದಕ್ಕೆ ಹೊರತು. ಅದರ ಕೈಗಳನ್ನು ಅದುಮಿ ಅವಳು ಯಾರ ಹಂಗೂ ಇಲ್ಲದೆ ಏಳುತ್ತಿದ್ದಳು.

"ಕಿಟಕಿ ಹತ್ರ ಇದೊಂದು ಇರ್ಲಿ," ಎಂದಳು. "ಬೇರೆ ಎಲ್ಲ ನಿಮ್ಮ ಇಷ್ಟ."

"ಫೋಟೋದಲ್ಲಿ ಉಂಟಾ ಅದು? ಲುಕ್ ಪೂರಾ ಹಾಳು. ನಾಳೆ ನಮ್ಮ ಹೋಟೆಲಿನ ಧನಿಗಳು ಬೇರೆ ಬರ್ತಾರೆ. ಅವ್ರು ಹೋದ ಮೇಲೆ ಗುಜರಿಯ ಭಂಗಾರ್‌ವಾಲಾನಿಗೆ ಕೊಡುವ."

"ಮತ್ತೆ ನಾನು ಏಳುವುದು ಹೇಗೆ?"

"ರಿತೇಶ್ ಇದ್ದಾನಲ್ಲ, ಕೈ ಕೊಡ್ತಾನೆ."

"ಅವ ಕಾಲೇಜಿಗೆ ಹೋದ್ರೆ? ಸಂಜೆವರೆಗೆ ಗಣಪತಿ ಕೂತ ಹಾಗೆ ಕೂತಿರುವುದಾ?"

"ಹಾಗಾದ್ರೆ ಕೂರ್ಬೇಡ."

ಬದಲಾಪುರದಿಂದ ಪನವೇಲಿನವರೆಗೆ ನೂರಾರು ಮನೆಗಳನ್ನು ಹೊಂದಿಸಿದ್ದೇನೆ. ಗೃಹಾಲಂಕಾರದ ಸಿದ್ಧಾಂತವನ್ನು ಇಷ್ಟು ಪ್ರಾಮಾಣಿಕವಾಗಿ ಯಾರೂ ಹೇಳಿರಲಿಲ್ಲ. ಮನೆಯವರು ಕೂರಬಾರದ ಜಾಗಕ್ಕೇ ಹಾಲ್ ಎಂದು ಹೆಸರು. ಕುರ್ಚಿ ಬಟ್ಟೆ ಒಣಗಿಸುವ ಬಾಲ್ಕನಿಗೆ ಹೋಯಿತು. ಹೊತ್ತುಕೊಂಡು ಹೋದವನು ನಾನೇ.

ಟಿವಿ ಕಪಾಟಿನ ಬಾಗಿಲು ಕೂರಿಸಲು ಮರುದಿನವೂ ಹೋಗಿದ್ದೆ. ಹನ್ನೊಂದರ ಸುಮಾರಿಗೆ ಹೋಟೆಲಿನ ಧನಿ ಲೀಲಾಧರ ಶರೀರಸಮೇತ ಬಂದರು. ಅವರ ವಿಷಯದಲ್ಲಿ ಶರೀರವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಲೋಕನಾಥ ಅವರನ್ನು ಸೋಫಾಕ್ಕೆ ಕರೆದೊಯ್ದ. ಅವರು ಕೂರತೊಡಗಿದರು, ನಿರೀಕ್ಷಿಸಿದ ಎತ್ತರದಲ್ಲಿ ಏನೂ ಸಿಗದೆ ಇನ್ನೂ ಕೆಳಗೆ ಹೋದರು, ಕೊನೆಗೆ ಧೊಪ್ಪೆಂದು ತಲುಪಿದರು. ಶರಬತ್ತು ಬಂತು. ಅದನ್ನಿಡಲು ಮುಂದಕ್ಕೆ ಬಾಗಬೇಕು. ಬಾಗಲು ಹೊಟ್ಟೆ ಒಪ್ಪಲಿಲ್ಲ. ಏಳಲು ಒಮ್ಮೆ ನೋಡಿದರು, ಎರಡು ಬಾರಿ ನೋಡಿದರು. ಮೂರನೆಯ ಸಲ ಅಪ್ಪ ಮಗ ಇಬ್ಬರೂ ಒಂದೊಂದು ಕೈ ಹಿಡಿದು ಎಳೆದರು. ಶರಬತ್ತು ಬಿಳಿಯ ರತ್ನಗಂಬಳಿಯ ಪಾಲಾಯಿತು.

"ಲೋಕು, ಇದು ಸೋಫಾವಾ ಹೊಂಡವಾ?" ಧನಿ ಏದುಸಿರು ಬಿಡುತ್ತ ಕೇಳಿದರು. "ಇಂಥದ್ದು ನಾಲ್ಕು ನಮ್ಮ ಹೋಟೆಲಿಗೂ ತಾ ಮಾರಾಯ. ಗಿರಾಕಿ ಬಿಲ್ ಕೊಡದೆ ಓಡ್ಲಿಕ್ಕೆ ಆಗುವುದಿಲ್ಲ!"

ಬಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು: "ಬಾಲ್ಕನಿಯಲ್ಲಿ ಒಂದು ಕುರ್ಚಿ ಉಂಟು."

ತಂದಿಟ್ಟೆ. ಧನಿ ಅದರಲ್ಲಿ ಕುಳಿತು ಮೂರು ನೀರುದೋಸೆ ತಿಂದರು, ತಾವೇ ಎದ್ದರು. "ಇದು ನೋಡು ಕುರ್ಚಿ," ಎಂದು ಅದರ ಬೆನ್ನು ತಟ್ಟಿ ಹೊರಟರು.

ಲೋಕನಾಥನ ಅಭಿರುಚಿ ಲಿಫ್ಟು ಕೆಳಗಿಳಿಯುವಷ್ಟರಲ್ಲಿ ಬದಲಾಯಿತು. ಕುರ್ಚಿಯನ್ನು ಹಾಲ್‌ನ ನಟ್ಟನಡುವೆ, ದೀಪದ ಕೆಳಗೆ ಇರಿಸಿದ.

"ಇನ್ನು ಇದು ಇಲ್ಲಿಯೇ. ಧನಿಗಳು ಕೂತದ್ದು. ಯಾರೂ ಕೂತು ಹಾಳು ಮಾಡ್ಬೇಡಿ," ಎಂದವನೇ ಅದಕ್ಕೆ ಹೊದಿಸಲು ವೆಲ್ವೆಟ್ ಬಟ್ಟೆ ಹುಡುಕಲು ಒಳಗೆ ಹೋದ.

ಮರಳಿ ಬಂದಾಗ ಬಾಗಿ ಕುರ್ಚಿಯಲ್ಲಿದ್ದಳು.

"ಏಳು ಏಳು, ಫೋಟೋ ತೆಗೀಬೇಕು."

ಅವಳು ಕುರ್ಚಿಯ ಎರಡೂ ಕೈಗಳ ಮೇಲೆ ಅಂಗೈಯೂರಿದಳು. ಎದ್ದೇಬಿಟ್ಟಳೆಂದುಕೊಂಡೆ. ಅವಳು ಸ್ವಲ್ಪ ಹಿಂದಕ್ಕೆ ಸರಿದು ಬೆನ್ನಾನಿಸಿ ಕುಳಿತಳು, ಅಷ್ಟೆ.

"ಇದ್ರಿಂದ ಏಳ್ಲಿಕ್ಕೆ ನಂಗೆ ಬರ್ತದೆ," ಎಂದಳು. "ಮನಸ್ಸಿಲ್ಲ."

ಲೋಕನಾಥ ವೆಲ್ವೆಟ್ ಬಟ್ಟೆಯೊಂದಿಗೆ ಸೋಫಾದಲ್ಲಿ ಕುಸಿದ. ಆಮೇಲೆ ಎಬ್ಬಿಸೆಂದು ನನ್ನತ್ತ ಕೈ ಚಾಚಿದ. ನಾನು ಉಳಿ, ಸುತ್ತಿಗೆಗಳನ್ನು ಚೀಲಕ್ಕೆ ತುಂಬುತ್ತಿದ್ದೆ, ಕೈಗೆ ಬಿಡುವಿರಲಿಲ್ಲ.