ಹತ್ತು ಜನರಿಗೆ ಕಳಿಸುವ ಪತ್ರ

ಸಸಿ ಮಾರುವ ಆ ಅಂಗಳದಲ್ಲಿ ದುಡಿಯುವವರು ಇಬ್ಬರೇ, ಅತ್ತಿಗೆ ಮತ್ತು ನಾದಿನಿ. ಕಡ್ಡಿ ಕತ್ತರಿಸಿ, ಮಣ್ಣು ತುಂಬಿದ ಕಪ್ಪು ಚೀಲದಲ್ಲಿ ನೆಟ್ಟು ಬೇರು ಬರಿಸುವುದು ಅತ್ತಿಗೆಯ ಕೆಲಸ. ಕಂಪ್ಯೂಟರಿನಲ್ಲಿ ಬರುವ ಆರ್ಡರು ನೋಡಿಕೊಳ್ಳುವುದು ನಾದಿನಿಯದು. ಬೇರು ಬಂದಿದೆ ಎಂದು ಅತ್ತಿಗೆ ಹೇಳಿದರೆ ಮುಗಿಯಿತು, ಗಿರಾಕಿಗಳು ಚೀಲ ಬಿಚ್ಚಿ ನೋಡುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಸಸಿ ಅಕ್ಕ.

ಆ ಬೆಳಿಗ್ಗೆ ನಾದಿನಿ ಶೆಡ್ಡಿನಿಂದ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಓಡಿ ಬಂದಳು.

"ಅತ್ತಿಗೆ, ಕತ್ತರಿ ಕೆಳಗಿಡಿ. ಹೂತೋಟದ ಮಾವ ಈಮೇಲ್ ಕಳಿಸಿದ್ದಾರೆ."

ಹೂತೋಟದ ಮಾವ ವರ್ಷಕ್ಕೆ ಎರಡು ಸಲ ಟೆಂಪೋ ತುಂಬ ಗುಲಾಬಿ ಸಸಿ ಒಯ್ಯುವ ಹಳೆಯ ಗಿರಾಕಿ. ಪತ್ರದಲ್ಲಿ ಆರು ಹೆಸರುಗಳಿದ್ದವು, ಕೊನೆಯದು ಮಾವನದು. ಎಲ್ಲಕ್ಕಿಂತ ಮೇಲಿನ ಹೆಸರಿನವರ ಖಾತೆಗೆ ಐನೂರು ರೂಪಾಯಿ ಹಾಕಬೇಕು. ಆ ಹೆಸರು ತೆಗೆದು, ಕೆಳಗೆ ತಮ್ಮ ಹೆಸರು ಸೇರಿಸಿ, ಹತ್ತು ಜನರಿಗೆ ಕಳಿಸಬೇಕು. ಅವರು ತಲಾ ಹತ್ತು ಜನರಿಗೆ. ನಮ್ಮ ಹೆಸರು ಮೇಲಕ್ಕೇರಿದಾಗ ಐವತ್ತು ಕೋಟಿ. ಇದು ಕಾನೂನುಬದ್ಧ ಎಂದು ಮೂರು ಕಡೆ ಬರೆದಿತ್ತು. ಮೂರು ದಿನದೊಳಗೆ ಕಳಿಸದವರಿಗೆ ಕೆಡುಕಾಗುವುದೆಂದೂ ಇತ್ತು.

ಅತ್ತಿಗೆಯ ಕಣ್ಣು ಅರಳಿತು. "ಒಂದು ದಾಸವಾಳಕ್ಕೆ ಹತ್ತು ಕಡ್ಡಿ, ಆ ಹತ್ತಕ್ಕೆ ನೂರು. ಮದುವೆಯಾಗಿ ಬಂದಾಗಿನಿಂದ ನಾನು ಮಾಡ್ತಿರೋದು ಇದನ್ನೇ ಅಲ್ವೇನೇ? ಸಸಿಗೆ ಬಿಸಿಲು ತಾಗದ ಹಾಗೆ ಹೊಸ ನೆರಳುಬಲೆ ಹಾಕಿಸಿಬಿಡೋಣ."

"ಐವತ್ತು ಕೋಟೀಲಿ ನಿಮಗೆ ಕಾಣೋದು ನೆರಳುಬಲೆನಾ?"

ನಾದಿನಿ ಹತ್ತು ಗಿರಾಕಿಗಳ ವಿಳಾಸ ಹಾಕಿಯೂಬಿಟ್ಟಳು. "ಕಳಿಸಲಾ?"

"ತಾಳು. ಚೀಲ ಎಣಿಸದೆ ನಾನು ಯಾವತ್ತಾದ್ರೂ ಕಡ್ಡಿ ಕತ್ತರಿಸಿದ್ದುಂಟಾ? ನಮ್ಮ ಸರದಿ ಎಷ್ಟನೇ ಸಾಲಿಗೆ ಬರುತ್ತೆ, ಜೋಡಿಸಿ ನೋಡೋಣ."

ಮಣ್ಣು ಸಿಗದ ಕಡ್ಡಿ ಸಂಜೆಯೊಳಗೆ ಬಾಡುತ್ತದೆ. ಹಾಗಾಗಿ ಮೊದಲು ಚೀಲ, ಆಮೇಲೆ ಕತ್ತರಿ. ಅತ್ತಿಗೆ ತಮ್ಮದೆಂದು ಒಂದು ಚೀಲವಿಟ್ಟು, ಅದರ ಕೆಳಗೆ ಹತ್ತು ಇಟ್ಟಳು. ನೂರು ಚೀಲ ಜೋಡಿಸುವಷ್ಟರಲ್ಲಿ ಸಾಲು ಗೋಡೆ ಮುಟ್ಟಿತು. ಇಬ್ಬರಿಗೂ ಏದುಸಿರು, ಆದರೂ ನಗು ನಿಲ್ಲಲಿಲ್ಲ.

"ಈ ಬದಿಯ ಪಾತಿಯೆಲ್ಲ ಸಾವಿರ ಅನ್ಕೋ," ಎಂದಳು ಅತ್ತಿಗೆ. "ಹತ್ತು ಸಾವಿರ ಅಂದ್ರೆ ನಾವು ವರ್ಷವಿಡೀ ಬೆಳೆಸೋದು. ಇನ್ನೆಷ್ಟು ಸಾಲು?"

"ಎರಡು. ಒಂದು ಲಕ್ಷ, ಆಮೇಲೆ ಹತ್ತು ಲಕ್ಷ. ಆ ಹತ್ತು ಲಕ್ಷ ಜನ ನಮಗೆ ಹಾಕ್ತಾರೆ."

ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ಅಂಗಳ ನೋಡಿದಳು. "ಅಷ್ಟು ಜನ ಎಲ್ಲಿದ್ದಾರೆ? ಮಾವ ಯಾರಿಗೆಲ್ಲ ಕಳಿಸಿದ್ದಾರೆ ಓದು."

ನಾದಿನಿ ಓದಿದಳು. ಅವಳು ಹಾಕಿದ ಹತ್ತರಲ್ಲಿ ಏಳು ಮಂದಿ ಅಲ್ಲಿಯೂ ಇದ್ದರು.

"ಎರಡನೇ ಸಾಲಿಗೇ ಅವರವರೇ ಬಂದ್ರಲ್ಲೇ. ಇರಲಿ, ಇವರು ಮಾರ್ತಿರೋದೇನು?"

"ಏನೂ ಇಲ್ಲ."

"ಒಂದು ಒಣಕಡ್ಡೀನೂ ಇಲ್ವಾ?"

"ಬರೀ ಹೆಸರು ಅತ್ತಿಗೆ."

"ಹಾಗಾದ್ರೆ ಕೊನೇ ಸಾಲಿನವರ ದುಡ್ಡೇ ಮೇಲಿನವರಿಗೆ. ಕೊನೇ ಸಾಲಿಗೆ ಚೀಲವೂ ಇಲ್ಲ, ಮಣ್ಣೂ ಇಲ್ಲ. ಅಳಿಸು, ಅಳಿಸು."

ನಾದಿನಿ ಅಳಿಸಹೊರಟವಳು ಪತ್ರದ ಬುಡ ನೋಡಿ ತಡೆದು, ಓದಿ ಹೇಳಿದಳು. ಮಾವ ತಾವೇ ಒಂದು ಸಾಲು ಸೇರಿಸಿದ್ದರು: 'ಸಸಿ ಅಕ್ಕನೂ ಸೇರುತ್ತಿದ್ದಾಳೆ, ಧೈರ್ಯವಾಗಿ ಹಾಕಿ.'

ಬೇರಿಲ್ಲದ ಸಸಿಯನ್ನು ಅತ್ತಿಗೆಯ ಹೆಸರಿನಲ್ಲಿ ಮಾರಿದ ಹಾಗಾಗಿತ್ತು. ಅವಳು ತಕ್ಷಣ ಫೋನು ಎತ್ತಿಕೊಂಡಳು.

"ಮಾವ, ನಾನು ಯಾವಾಗ ಸೇರಿದೆ?"

"ಸೇರದೆ ಇರ್ತೀಯಾ ಅಂತ ಬರೆದೆ ಕಣಮ್ಮ."

"ದುಡ್ಡು ಹಾಕಿದ್ರಾ?"

"ನಿನ್ನೇನೇ."

"ಯಾರಿಗೆ?"

"ಮೇಲಿದ್ದ ಹೆಸರಿಗೆ. ಅದು ಯಾರು ಅಂತ ನಾನೂ ಕೇಳ್ಕೊಳ್ಳಲಿಲ್ಲ."

"ಆ ದುಡ್ಡು ಹೋಯ್ತು ಅನ್ಕೊಳ್ಳಿ. ನಮ್ಮನ್ನ ಬಿಟ್ಟು ಒಂಬತ್ತು ಜನ ಇದ್ದಾರೆ. ಕೆಳಗಿನ ನಾಲ್ವರಿಗೆ ನೀವು ಫೋನ್ ಮಾಡಿ ಹಾಕಬೇಡಿ ಅನ್ನಿ, ಮೇಲಿನ ಐವರಿಗೆ ನಾನು. ಈಗಲೇ ಮಾಡಿ, ಊಟಕ್ಕೆ ಕೂರಬೇಡಿ."

ಮೊದಲನೆಯವರು ಶಾಲೆಯ ಟೀಚರು. "ನೀನಿದ್ದೀಯ ಅಂತಲೇ ನಾನೂ ಹೆಸರು ಬರೆದಿಟ್ಟಿದ್ದೆನಲ್ಲೇ," ಎಂದರು. ಎರಡನೆಯವರು ಪತ್ರ ಓದಿಯೇ ಇರಲಿಲ್ಲ. ಮೂರನೆಯವರು ಬೈದು ಫೋನು ಇಟ್ಟರು, ಆದರೆ ಹಾಕುವುದಿಲ್ಲ ಎಂದೇ ಇಟ್ಟರು. ನಾಲ್ಕನೆಯವನು ದರ್ಜಿ. ಅವನ ಹಿಂದೆ ಗದ್ದಲ ಕೇಳುತ್ತಿತ್ತು.

"ಬ್ಯಾಂಕಲ್ಲಿದ್ದೀನಿ ಸಸಿ ಅಕ್ಕ. ನನ್ನ ಮುಂದೆ ಒಬ್ಬರೇ ಇರೋದು, ಬೇಗ ಹೇಳಿ."

"ಹಾಕೋಕೆ ಬಂದಿದ್ದು ಆ ಐನೂರಾ?"

"ಹೂಂ. ನಿಮಗಿಂತ ಕೆಳಗಾಗಬಾರದು ಅಂತ ಓಡಿ ಬಂದೆ."

"ನಾನು ಸೇರೇ ಇಲ್ಲ ಕಣಪ್ಪ. ನನ್ನ ಕೇಳದೆ ಬರೆದಿದ್ದಾರೆ. ಆಚೆ ಬಾ."

"ಮುಕ್ಕಾಲು ಗಂಟೆಯಿಂದ ನಿಂತಿದ್ದೀನಿ ಅಕ್ಕ."

"ನಿಂತಿದ್ದು ಹೋಗಲಿ, ದುಡ್ಡು ಹೋಗೋದು ಬೇಡ."

ಅಲ್ಲಿ ಯಾರೋ ಅವನ ನಂಬರು ಕೂಗಿದರು. ಅತ್ತಿಗೆ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ನಂಬರು ಇನ್ನೊಮ್ಮೆ ಕೇಳಿಸಿತು. ಆಮೇಲೆ ದರ್ಜಿಯ ದನಿ, ಹಿಂದಿದ್ದವರಿಗೆ ಹೇಳುತ್ತಿರುವಂತೆ, ದೂರದಿಂದ ಬಂತು:

"ನೀವು ಹೋಗಿ ಸ್ವಾಮಿ, ನನ್ನ ಕೆಲಸ ಮುಗೀತು."

ನಾದಿನಿ ಆಗಲೇ ತನ್ನ ಫೋನಿನಲ್ಲಿ ಐದನೆಯವರ ನಂಬರು ಒತ್ತುತ್ತಿದ್ದಳು.