ಕಲ್ಮಡುವಿನ ಉಗಿಬಂಡಿ

ನಾನು ಕಬ್ಬು ಎಳೆಯಲೆಂದೇ ಹುಟ್ಟಿದ ಸಣ್ಣ ಉಗಿ ಇಂಜಿನ್ನು. ಹಡಗಿನಲ್ಲಿ ಬಂದಿಳಿದು ಕಲ್ಮಡುವಿನ ಸಕ್ಕರೆ ಕಾರ್ಖಾನೆ ಸೇರಿದೆ. ನಲವತ್ತು ವರ್ಷ ಹೊಲದಿಂದ ಕಾರ್ಖಾನೆಗೆ ಕಬ್ಬು ಎಳೆದೆ. ಆಮೇಲೆ ಟ್ರ್ಯಾಕ್ಟರುಗಳು ಬಂದವು. ನನ್ನನ್ನು ಶೆಡ್ಡಿಗೆ ತಳ್ಳಿ ಮರೆತರು.

ನನ್ನನ್ನು ಮತ್ತೆ ಎಬ್ಬಿಸಿದವರು ಗುರುಸಿದ್ದಪ್ಪ ಬಡಿಗೇರ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಸಂಬಳ ಕೇಳದೆ ದುಡಿಯುವ ಏಳೆಂಟು ಜನರನ್ನು ಕೂಡಿಸಿಕೊಂಡು ಎರಡು ವರ್ಷ ನನ್ನ ತುಕ್ಕು ಕೆರೆದರು. ಆಮೇಲೆ ಪ್ರತಿ ಭಾನುವಾರ ಎರಡು ಡಬ್ಬಿ ಕಟ್ಟಿಕೊಂಡು, ನೋಡಬಂದವರನ್ನು ಕೂರಿಸಿಕೊಂಡು ಹೊಳೆಯವರೆಗೆ ಹೋಗಿ ಬರುತ್ತಿದ್ದೆ. ಕಣ್ಣಿಗೆ ಬಿದ್ದ ಮಸಿ ಉಜ್ಜಿಕೊಳ್ಳುತ್ತಲೇ ಅವರು ನಗುತ್ತಿದ್ದರು.

ನಸೀಮಾ ಟೀಚರ್ ಕೂಡ ಹಾಗೆ ನೋಡಬಂದವರೇ. ಮೊದಲ ಸಲ ಶಾಲೆಯ ಮಕ್ಕಳನ್ನು ಕರೆತಂದಿದ್ದರು. ಮುಂದಿನ ಭಾನುವಾರ ಒಬ್ಬರೇ ಬಂದು, "ನನಗೂ ಏನರ ಕೆಲಸ ಕೊಡ್ರಿ ಅಜ್ಜಾರ" ಅಂದರು. ಗುರುಸಿದ್ದಪ್ಪ ಕೈಗೆ ಸಲಿಕೆ ಕೊಟ್ಟರು. ಕಲ್ಲಿದ್ದಲು ಎರಚುವುದರಿಂದ ಹಿಡಿದು ನನ್ನನ್ನು ಓಡಿಸುವವರೆಗೆ ನಾಲ್ಕು ವರ್ಷದಲ್ಲಿ ಎಲ್ಲ ಕಲಿಸಿದರು.

ಆ ವರ್ಷ ಬಾಯ್ಲರ್ ತಪಾಸಣೆಗೆ ಸಾಹೇಬರು ಬಂದಾಗ ಶೆಡ್ಡಿನಲ್ಲಿ ಗುರುಸಿದ್ದಪ್ಪ ಒಬ್ಬರೇ ಇದ್ದರು. ಸಾಹೇಬರು ಸುತ್ತಿಗೆಯಿಂದ ನನ್ನ ಮೈಯೆಲ್ಲ ತಟ್ಟಿ ಕಿವಿಗೊಟ್ಟರು. "ಗಟ್ಟಿ ಐತಿ, ಓಡಸ್ರಿ" ಎಂದು ಸಹಿ ಹಾಕಿಕೊಟ್ಟರು. ಗುರುಸಿದ್ದಪ್ಪ ಆ ಕಾಗದವನ್ನು ಮಡಚಿ ಜೇಬಿಗಿಟ್ಟರು.

ಸಂಜೆ ಎಲ್ಲರೂ ಸೇರಿದಾಗ, "ಬಾಯ್ಲರ್ ಫೇಲ್ ಆತು. ಇನ್ನ ಬೆಂಕಿ ಹಾಕಿದ್ರ ಒಡೀತೈತಿ" ಅಂದರು.

ಅವರ ಮಾತನ್ನು ಯಾರು ಅನುಮಾನಿಸುತ್ತಾರೆ? ನಸೀಮಾ ನನ್ನ ಮೇಲೆ ಕೈಯಿಟ್ಟು ಅತ್ತರು. ಸುಳ್ಳೆಂದು ಹೇಳಲು ನನಗೆ ಬಾಯಿಲ್ಲ. ಮರುದಿನ ಗುರುಸಿದ್ದಪ್ಪ ಗ್ಯಾಸ್ ಕಟರ್ ಹಿಡಿದು ಬಂದರು. ತಿಳಿಯದೆ ಯಾರಾದರೂ ಬೆಂಕಿ ಹಾಕಿಯಾರು ಎಂಬ ನೆಪ ಹೇಳಿ, ನನ್ನ ಬಾಯ್ಲರಿನೊಳಗೆ ತಾವೇ ಕೂರಿಸಿದ್ದ ಹೊಗೆಕೊಳವೆಗಳನ್ನು ಒಂದೊಂದಾಗಿ ಕತ್ತರಿಸಿದರು.

ಈಗ ಹೆದ್ದಾರಿಯ ಪಕ್ಕದ ಒಂದು ಹೋಟೆಲಿನ ಮುಂದೆ ಅಲಂಕಾರಕ್ಕೆ ನಿಂತಿದ್ದೇನೆ. ಬೆಂಕಿ ಉರಿಯುತ್ತಿದ್ದ ಜಾಗದಲ್ಲಿ ಕೆಂಪು ಬಲ್ಬು ಹಾಕಿದ್ದಾರೆ. ಆರು ವರ್ಷದ ಮೇಲೆ ನಸೀಮಾ ಅಲ್ಲಿಗೆ ಊಟಕ್ಕೆ ಬಂದಾಗ, ಹಿಂದಿನ ತಪಾಸಣೆಗಳಲ್ಲಿ ಆಕೆಯನ್ನು ಕಂಡಿದ್ದ ಅದೇ ಸಾಹೇಬರು ಎದುರಾದರು. "ನಾ ಪಾಸ್ ಮಾಡಿದ್ನಲ್ರಿ, ಯಾಕ ನಿಲ್ಲಿಸಿದ್ರಿ?" ಎಂದು ಕೇಳಿದರು.

ಮರು ಭಾನುವಾರ ಆಕೆ ಗುರುಸಿದ್ದಪ್ಪನವರನ್ನು ಕೈಹಿಡಿದು ಕರೆತಂದರು. ಅವರಿಗೆ ಕಣ್ಣು ಪೂರ್ತಿ ಹೋಗಿತ್ತು.

"ಯಾಕ್ರಿ ಅಜ್ಜಾರ?"

ಅವರು ನನ್ನ ಗಾಲಿ ತಡವಿದರು. "ಆವಾಗ್ಲೇ ಕಣ್ಣು ಮಂಜಾಗಿದ್ವು ಟೀಚರ್. ಮುಂದ ಇದನ್ನ ನೀವ ಓಡಸವ್ರಿದ್ರಿ. ನಾ ದಂಡ್ಯಾಗ ಕುಂತು ಬರೇ ಅದರ ಸಪ್ಪಳ ಕೇಳಬೇಕಿತ್ತು. ಅದನ್ನ ತಡಕೊಳ್ಳಾಕ ಆಗಲಿಲ್ಲ ನನಗ."

"ನನಗ ಕಲಿಸಿದವ್ರು ನೀವ."

"ಹೂಂ."

ನಸೀಮಾ ಅವರನ್ನು ಅಲ್ಲೇ ಬಿಟ್ಟು ನಡೆದುಬಿಟ್ಟರು. ಬಸ್ ನಿಲ್ದಾಣದವರೆಗೂ ಹೋದರು. ಲಾರಿಗಳು ಬರ್ರೆಂದು ಓಡುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ವಾಪಸ್ ಬಂದರು. ನನ್ನ ಒಡಲು ಕತ್ತರಿಸಿದ ಆ ಕೈಯನ್ನೇ ಹಿಡಿದು ರಸ್ತೆ ದಾಟಿಸಿದರು.

ಅಷ್ಟು ದೊಡ್ಡ ಮನಸ್ಸು ನನಗೆ ಇನ್ನೂ ಬಂದಿಲ್ಲ.